ಸಹಿ ಮಾಡುವ ಮುಂಚೆ ಲೆಕ್ಕ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಕೆಲಸ ಹೋಗಿದೆ, ಇಲ್ಲವೇ ಹೋಗುವ ಹಾಗಿದೆ, ಕಂಪನಿಯವರು ಇಷ್ಟು ದುಡ್ಡು ಕೊಡುತ್ತೇವೆ ಅನ್ನುತ್ತಿದ್ದಾರೆ, ತಗೊಂಡು ಸುಮ್ಮನಿರಬೇಕಾ ಅಂತ. ನಾನು ಬಳ್ಳಾರಿ ಸೀಮೆಯ ಕಾರ್ಖಾನೆಗಳಲ್ಲಿ 22 ವರ್ಷ ಮೊದಲು ಟೈಮ್ ಆಫೀಸು, ಆಮೇಲೆ ಪರ್ಸನಲ್ ಡಿಪಾರ್ಟ್‌ಮೆಂಟು ಅಂತ ಕೆಲಸ ಮಾಡಿದವನು. ಇಂಥ ಪಟ್ಟಿಗಳನ್ನು ನನ್ನ ಕೈಯಾರೆ ಟೈಪ್ ಮಾಡಿದ್ದೇನೆ. ಮೇಜಿನ ಆ ಕಡೆ ಏನು ನಡೆಯುತ್ತದೆ ಅಂತ ಗೊತ್ತಿರುವುದರಿಂದ ಈ ತಿಂಗಳ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಕಂಪನಿಗಳ ಹೆಸರೂ ಹಾಕಿಲ್ಲ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಕೊಪ್ಪಳದ ಹತ್ತಿರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 6 ವರ್ಷ 4 ತಿಂಗಳಿಂದ ಇದ್ದೇನೆ, ಎರಡು ವರ್ಷದಿಂದ ಊರಲ್ಲೇ ಕೂತು ಕೆಲಸ. ಮೊನ್ನೆ ಎಚ್‌ಆರ್‌ನವರು ವಿಡಿಯೋ ಕಾಲ್‌ನಲ್ಲಿ ಬಂದು ‘ನಿಮ್ಮ ಹುದ್ದೆ ಇನ್ನಿಲ್ಲ, ಸಂಜೆ ಆರರ ಒಳಗೆ ರಾಜೀನಾಮೆ ಮೇಲ್ ಹಾಕಿದರೆ ಎರಡು ತಿಂಗಳ ಬೇಸಿಕ್ ಕೊಡುತ್ತೇವೆ, ಇಲ್ಲಾಂದ್ರೆ ನಾವೇ ತೆಗೆಯುತ್ತೇವೆ, ರಿಲೀವಿಂಗ್ ಲೆಟರ್ ಕೂಡ ಸಿಗಲ್ಲ’ ಅಂದರು. ಕಾಲ್ ಹನ್ನೊಂದು ನಿಮಿಷಕ್ಕೆ ಮುಗಿಯಿತು. ಅಪ್ಪನಿಗೆ ಇನ್ನೂ ಹೇಳಿಲ್ಲ. ಬೇಸಿಕ್ 36,000, ಒಟ್ಟು ಸಂಬಳ 90,000. ಈ ‘ಎರಡು ತಿಂಗಳು’ ಅನ್ನುವುದನ್ನು ಯಾರು, ಹೇಗೆ ತೀರ್ಮಾನ ಮಾಡುತ್ತಾರೆ?

ಉತ್ತರ: ತಮ್ಮಾ, ನಿನಗೆ ಫೋನಿನಲ್ಲಿ ಅವತ್ತೇ ಹೇಳಿದ್ದೆ, ರಾಜೀನಾಮೆ ಹಾಕಬೇಡ ಅಂತ. ಯಾಕೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ನಿನ್ನಂಥವರು ಇನ್ನೂ ತುಂಬಾ ಜನ ಇದ್ದಾರೆ.

ಕಂಪನಿಯಲ್ಲಿ ಇದು ನಡೆಯುವ ರೀತಿ ಹೀಗೆ. ಮೊದಲು ಬರುವುದು ಹೆಸರುಗಳಲ್ಲ, ಮೊತ್ತ. ಇಷ್ಟು ಖರ್ಚು ಕಡಿಮೆಯಾಗಬೇಕು, ಅದಕ್ಕೆ ಒಂದೇ ಸಲ ಇಷ್ಟು ದುಡ್ಡು ಇಡುತ್ತೇವೆ ಅಂತ ಫೈನಾನ್ಸ್‌ನವರು ಹೇಳುತ್ತಾರೆ. ಆಮೇಲೆ ವಿಭಾಗದ ಮುಖ್ಯಸ್ಥರು ಹೆಸರು ಕೊಡುತ್ತಾರೆ. ಎಚ್‌ಆರ್‌ನವರು ಒಂದು ಹಾಳೆ ತೆರೆಯುತ್ತಾರೆ. ಸೇರಿದ ದಿನಾಂಕ, ಬೇಸಿಕ್, ಒಟ್ಟು ಸಂಬಳ, ನೋಟಿಸ್ ಅವಧಿ, ಉಳಿದ ರಜೆ, ಗ್ರಾಚ್ಯುಟಿ (ಐದು ವರ್ಷ ದಾಟಿ ದುಡಿದವರಿಗೆ ಕೆಲಸ ಬಿಡುವಾಗ ಕೊಡುವ ಹಣ) ಬರುತ್ತದೋ ಇಲ್ಲವೋ, ಹೆರಿಗೆ ರಜೆಯಲ್ಲಿ ಇದ್ದಾರಾ, ಹಳೆಯ ದೂರು ಏನಾದರೂ ಕೊಟ್ಟಿದ್ದಾರಾ, ಹೀಗೆ ಒಂದೊಂದು ಕಾಲಂ. ಕೊನೆಯ ಕಾಲಂನಲ್ಲಿ ಒಂದು ಸೂತ್ರ ಹಾಕಿ ಕೆಳಗೆ ಎಳೆದರೆ ಎಲ್ಲರ ಮೊತ್ತ ಬಂದುಬಿಡುತ್ತದೆ. ವರ್ಷಕ್ಕೆ ಒಂದು ತಿಂಗಳು ಅಂತಲೋ, ಎಲ್ಲರಿಗೂ ಎರಡು ತಿಂಗಳು ಅಂತಲೋ ಇರುತ್ತದೆ ಆ ಸೂತ್ರ. ವಕೀಲರು ನೋಡಿ, ಯಾರಿಂದ ಕೇಸು ಬರಬಹುದು ಅನಿಸುತ್ತದೋ ಅವರ ಮೊತ್ತವನ್ನು ಸ್ವಲ್ಪ ಏರಿಸುತ್ತಾರೆ. ನಿನ್ನ ಆರು ವರ್ಷದ ದುಡಿಮೆ ಅಲ್ಲಿ ಒಂದು ಸಾಲು. ಮನಸ್ಸಿಗೆ ನೋವಾಗುತ್ತದೆ, ಗೊತ್ತು, ಆದರೆ ಇದು ಗೊತ್ತಿದ್ದರೆ ಒಂದು ಉಪಯೋಗ ಇದೆ. ಸೂತ್ರದಲ್ಲಿ ಬಂದ ಅಂಕಿ ದೇವರು ಬರೆದದ್ದಲ್ಲ. ಕೇಳಿದರೆ ಬದಲಾಗುತ್ತದೆ. ಹಾಗೆ ಕೇಳುವವರಿಗೆ ಅಂತಲೇ ಸ್ವಲ್ಪ ದುಡ್ಡು ಪಕ್ಕಕ್ಕೆ ಇಟ್ಟಿದ್ದನ್ನು ನಾನು ನೋಡಿದ್ದೇನೆ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಎರಡು ತಿಂಗಳ ಬೇಸಿಕ್ ಅಂದರೆ 72,000. ನಿನ್ನ ನೇಮಕದ ಪತ್ರ ತೆಗೆದು ನೋಡು ಅಂದಾಗ ನೋಟಿಸ್ ಅವಧಿ ಎರಡು ತಿಂಗಳು ಅಂದೆ. ಅಂದರೆ ಅವರು ಕೊಡುತ್ತೇವೆ ಅನ್ನುತ್ತಿರುವುದು ಬರೀ ನೋಟಿಸಿನ ದುಡ್ಡು, ಅದೂ ಒಟ್ಟು ಸಂಬಳದ ಮೇಲಲ್ಲ, ಬೇಸಿಕ್ ಮೇಲೆ. ಪರಿಹಾರ ಅನ್ನುವುದು ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ? 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಇದ್ದದ್ದೇ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಒಂದು ವರ್ಷ ಸತತ ಸೇವೆ ಮಾಡಿದ ಕೆಲಸಗಾರನನ್ನು, ಅವನ ತಪ್ಪಿಲ್ಲದೆ ತೆಗೆಯಬೇಕಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ವೇತನ ಕೊಡಬೇಕು. ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದ್ದರೆ ಅದೂ ಒಂದು ವರ್ಷವೇ. ಸರ್ಕಾರಕ್ಕೂ ತಿಳಿಸಬೇಕು. ಇದು ಕೆಲಸದಿಂದ ತೆಗೆಯುವ ಹೊತ್ತಿಗೇ ಆಗಬೇಕಾದದ್ದು, ಆರು ತಿಂಗಳು ಓಡಾಡಿಸಿ ಕೊಡುವ ದುಡ್ಡಲ್ಲ.

ವೇತನ ಅಂದರೆ ಯಾವುದು? ಹೊಸ ಸಂಹಿತೆಯ ಪ್ರಕಾರ ಮನೆ ಬಾಡಿಗೆ, ಓಡಾಟದ ಭತ್ಯೆ ಇಂಥವನ್ನು ವೇತನದಿಂದ ಹೊರಗೆ ಇಡಬಹುದು, ಆದರೆ ಹಾಗೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿಯಾದರೆ, ಜಾಸ್ತಿಯಾದ ಭಾಗ ವಾಪಸ್ ವೇತನಕ್ಕೆ ಸೇರುತ್ತದೆ. ನಿನ್ನ 90,000ದಲ್ಲಿ 54,000 ಭತ್ಯೆ. ಅರ್ಧ ಅಂದರೆ 45,000. ಮೇಲಿನ 9,000ವನ್ನು ಬೇಸಿಕ್‌ಗೆ ಸೇರಿಸಿದರೆ ವೇತನ 45,000 ಆಯಿತು. ಅದರ ಅರ್ಧ 22,500, ಆರು ವರ್ಷಕ್ಕೆ 1,35,000. ಇದು ಪರಿಹಾರ. ನೋಟಿಸ್ ದುಡ್ಡು ಬೇರೆ. ಗ್ರಾಚ್ಯುಟಿ ಅದಕ್ಕೂ ಬೇರೆ. 45,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆರು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 1,55,769. ಬೇಸಿಕ್ 36,000ದ ಮೇಲೆ ಹಾಕಿದರೆ ಅದೇ 1,24,615ಕ್ಕೆ ಇಳಿಯುತ್ತದೆ. ನೋಡು, ಯಾವ ಅಂಕಿಯ ಮೇಲೆ ಲೆಕ್ಕ ಹಾಕಿದ್ದೀರಿ ಅನ್ನುವ ಒಂದು ಪ್ರಶ್ನೆಗೆ ಮೂವತ್ತು ಸಾವಿರ ಇದೆ.

‘ನೀನು ಎಂಜಿನಿಯರ್, ಕೆಲಸಗಾರ ಅಲ್ಲ, ನಿನಗೆ ಇದೆಲ್ಲ ಅನ್ವಯಿಸಲ್ಲ’ ಅಂತ ಅವರು ಹೇಳಬಹುದು. ಹೇಳಲಿ. ತಾಂತ್ರಿಕ ಕೆಲಸ ಮಾಡುವವರೂ ಕಾನೂನಿನಲ್ಲಿ ಕೆಲಸಗಾರರೇ, ಅವರಿಗೆ ಸಂಬಳದ ಮಿತಿ ಇಲ್ಲ. ಹೊರಗೆ ಉಳಿಯುವುದು ಮ್ಯಾನೇಜರ್ ಕೆಲಸ, ಆಡಳಿತದ ಕೆಲಸ ಮಾಡುವವರು ಮತ್ತು ತಿಂಗಳಿಗೆ 18,000ಕ್ಕಿಂತ ಜಾಸ್ತಿ ವೇತನದ ಮೇಲ್ವಿಚಾರಕರು. ನೀನು ದಿನಾ ಕೋಡ್ ಬರೆಯುತ್ತಿದ್ದೆಯಾ, ಇಲ್ಲಾ ಹತ್ತು ಜನರ ರಜೆ, ಇನ್‌ಕ್ರಿಮೆಂಟ್ ಮಂಜೂರು ಮಾಡುತ್ತಿದ್ದೆಯಾ ಅನ್ನುವುದು ಮುಖ್ಯ. ಐಡಿ ಕಾರ್ಡಿನ ಮೇಲೆ ಏನಿದೆ ಅನ್ನುವುದಲ್ಲ.

ಇಷ್ಟೆಲ್ಲ ನಿಂತಿರುವುದು ಒಂದೇ ಕಾಗದದ ಮೇಲೆ. ಅವರು ತೆಗೆದರೆ ಈ ಹಕ್ಕು ನಿನ್ನದು. ನೀನೇ ‘ವೈಯಕ್ತಿಕ ಕಾರಣಕ್ಕೆ ಬಿಡುತ್ತಿದ್ದೇನೆ’ ಅಂತ ಬರೆದುಕೊಟ್ಟರೆ ಗ್ರಾಚ್ಯುಟಿ, ಪಿಎಫ್ ಉಳಿಯುತ್ತದೆ, ಪರಿಹಾರ ಹೋಗುತ್ತದೆ. ಸಂಜೆ ಆರರೊಳಗೆ ಅನ್ನುವ ಅವಸರ ಅದಕ್ಕೇ. ಆಮೇಲೆ ಒತ್ತಾಯದಿಂದ ಬರೆಸಿಕೊಂಡರು ಅಂತ ಸಾಬೀತು ಮಾಡುವುದು ತುಂಬಾ ಕಷ್ಟ. ಹಾಗಾಗಿ ಒಂದು ಮೇಲ್ ಬರಿ, ಮರ್ಯಾದೆಯಾಗಿ, ನಾಲ್ಕೇ ಸಾಲು. ನಿಮ್ಮ ಕರೆಯಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕಳಿಸಿ, ಪರಿಹಾರ, ನೋಟಿಸ್, ರಜೆ ಹಣ, ಗ್ರಾಚ್ಯುಟಿ ಪ್ರತ್ಯೇಕವಾಗಿ ತೋರಿಸಿ, ಓದಿ ಉತ್ತರ ಕೊಡಲು ನನಗೆ ಒಂದು ವಾರ ಬೇಕು. ಅಷ್ಟೇ. ಸಂಬಳದ ಚೀಟಿ, ನೇಮಕದ ಪತ್ರ, ಅಪ್ರೈಸಲ್ ಮೇಲ್‌ಗಳು ನಿನ್ನ ಹತ್ತಿರ ಇರಲಿ. ಲ್ಯಾಪ್‌ಟಾಪ್ ವಾಪಸ್ ಕೇಳಿದ ಮೇಲೆ ಯಾವುದೂ ಸಿಗುವುದಿಲ್ಲ. ಕಂಪನಿಯ ಕೆಲಸದ ಫೈಲುಗಳನ್ನು ಮಾತ್ರ ಮುಟ್ಟಬೇಡ, ಅದನ್ನೇ ಹಿಡಿದುಕೊಂಡು ನಿನ್ನ ಮೇಲೆ ತಿರುಗುತ್ತಾರೆ.

ದುಡ್ಡು ಇನ್ನು ಏರುವುದಿಲ್ಲ ಅಂದರೆ ಬೇರೆಯದನ್ನು ಕೇಳು. ಮನೆಯವರ ಆರೋಗ್ಯ ವಿಮೆ ಇನ್ನು ಮೂರು ತಿಂಗಳು ನಡೆಯಲಿ, ಈ ವರ್ಷ ದುಡಿದ ತಿಂಗಳಿನಷ್ಟು ಬೋನಸ್ ಸಿಗಲಿ, ರಿಲೀವಿಂಗ್ ಲೆಟರ್‌ನಲ್ಲಿ ಹುದ್ದೆ ರದ್ದಾದ ಕಾರಣಕ್ಕೆ ಅಂತ ಬರಲಿ. ಅವರಿಗೆ ಇವು ಕೊಡುವುದು ಸುಲಭ.

ಮತ್ತೆ, ಅಪ್ಪನಿಗೆ ಹೇಳು ತಮ್ಮಾ. ಇಂಥ ಮೇಲ್ ಬರೆಯುವಾಗ ಪಕ್ಕದಲ್ಲಿ ಮನೆಯವರು ಇರಬೇಕು.

ಪ್ರಶ್ನೆ: ನಮ್ಮ ಯಜಮಾನರು ಗಿಣಿಗೇರಾ ಕಡೆ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕಿಲ್ನ್ (ಅದಿರು ಕಾಯಿಸುವ ಕುಲುಮೆ) ಆಪರೇಟರ್. 11 ವರ್ಷ 8 ತಿಂಗಳು ಆಯಿತು. ಅದಿರು ಸಿಗುತ್ತಿಲ್ಲ ಅಂತ ಎರಡು ತಿಂಗಳು ‘ಲೇ ಆಫ್’ ಅಂದರು, ಅರ್ಧ ಪಗಾರ ಕೊಟ್ಟರು. ಈಗ ಲೆಕ್ಕ ಮುಗಿಸಿಕೊಂಡು ಹೋಗಿ ಅನ್ನುತ್ತಿದ್ದಾರೆ. ಕೇಳಿದರೆ ‘ನೀನು ಸೂಪರ್‌ವೈಸರ್, ನಿನಗೆ ಪರಿಹಾರ ಬರಲ್ಲ, ಒಂದು ಲಕ್ಷ ಕೊಡುತ್ತೇವೆ, ಅದು ಕಂಪನಿಯ ಔದಾರ್ಯ’ ಅನ್ನುತ್ತಾರೆ. ಎರಡು ವರ್ಷದ ಹಿಂದೆ ಅವರಿಗೆ ಸೂಪರ್‌ವೈಸರ್ ಅಂತ ಪತ್ರ ಕೊಟ್ಟಿದ್ದು ನಿಜ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 26,000, ಬೇರೆ ಭತ್ಯೆ ಇಲ್ಲ. ಏನು ಮಾಡಬೇಕು ಸರ್?

ಉತ್ತರ: ತಂಗಿ, ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪೇಪರಿನಲ್ಲಿ, ಟಿವಿಯಲ್ಲಿ ಲೇ ಆಫ್ ಅಂದರೆ ಕೆಲಸದಿಂದ ತೆಗೆಯುವುದು. ನಮ್ಮ ಕಾನೂನಿನಲ್ಲಿ ಲೇ ಆಫ್ ಅಂದರೆ ಕಲ್ಲಿದ್ದಲು, ಕರೆಂಟು, ಕಚ್ಚಾ ಮಾಲು ಇಲ್ಲದೆ ಕೆಲವು ದಿನ ಕೆಲಸ ಕೊಡಲು ಆಗದಿರುವುದು. ಹೆಸರು ಮಸ್ಟರ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಇದ್ದೇ ಇರುತ್ತದೆ. 50 ಜನಕ್ಕಿಂತ ಕಡಿಮೆ ಇಲ್ಲದ ಕಾರ್ಖಾನೆಯಾದರೆ, ಒಂದು ವರ್ಷ ಮುಗಿಸಿದವರಿಗೆ ಆ ದಿನಗಳಿಗೆ ಬೇಸಿಕ್ ಮತ್ತು ಡಿಎಯ ಅರ್ಧ ಕೊಡಬೇಕು. ನಿಮಗೆ ಕೊಟ್ಟ ಅರ್ಧ ಪಗಾರ ಅದೇ. ಆ ದಿನಗಳು ಸೇವೆಯಲ್ಲೂ ಲೆಕ್ಕಕ್ಕೆ ಬರುತ್ತವೆ. ಆಮೇಲೆ ಖಾಯಂ ಆಗಿ ತೆಗೆದರೆ ಅದು ಬೇರೆಯ ವಿಷಯ, ಅದಕ್ಕೆ ಬೇರೆಯ ಪರಿಹಾರ. ಹಿಂದಿನ 12 ತಿಂಗಳಲ್ಲಿ ಕೊಟ್ಟ ಲೇ ಆಫ್ ದುಡ್ಡನ್ನು ಮಾತ್ರ ಆ ಪರಿಹಾರದಲ್ಲಿ ಕಳೆಯಲು ಅವರಿಗೆ ಅವಕಾಶ ಇದೆ. ಕಳೆದರೆ ಆಶ್ಚರ್ಯಪಡಬೇಡಿ.

ಲೆಕ್ಕ ನೋಡಿ. 11 ವರ್ಷ 8 ತಿಂಗಳು ಅಂದರೆ 12 ವರ್ಷ. ವರ್ಷಕ್ಕೆ ಅರ್ಧ ತಿಂಗಳು, 13,000. ಹನ್ನೆರಡಕ್ಕೆ 1,56,000. ನೋಟಿಸ್ ಬದಲು ಒಂದು ತಿಂಗಳು 26,000. ಗ್ರಾಚ್ಯುಟಿಯಲ್ಲಿ ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ, ಹಾಗಾಗಿ ವರ್ಷಕ್ಕೆ 15,000, ಹನ್ನೆರಡಕ್ಕೆ 1,80,000. ಮೂರೂ ಸೇರಿ 3,62,000. ಉಳಿದ ರಜೆ ಇದ್ದರೆ ಅದರ ಹಣ ಮೇಲೆ. ಹೊಸ ಸಂಹಿತೆಯಲ್ಲಿ ಇನ್ನೊಂದು ಬಂದಿದೆ, ಮರು ಕೌಶಲ್ಯ ನಿಧಿ ಅಂತ. ತೆಗೆದ ಪ್ರತಿ ಕೆಲಸಗಾರನಿಗೆ ಮಾಲೀಕರು 15 ದಿನದ ವೇತನ ಆ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕೆಲಸಗಾರನ ಖಾತೆಗೆ ಬರಬೇಕು. ಈಗ ಹೇಳಿ, ಒಂದು ಲಕ್ಷದಲ್ಲಿ ಔದಾರ್ಯ ಎಲ್ಲಿದೆ? ಗ್ರಾಚ್ಯುಟಿಯೇ ಅದಕ್ಕಿಂತ ಜಾಸ್ತಿ ಇದೆ. ಗ್ರಾಚ್ಯುಟಿಯನ್ನು ಒಳಗೆ ಸೇರಿಸಿ ಇಡಿ ಮೊತ್ತಕ್ಕೆ ‘ಪ್ಯಾಕೇಜ್’ ಅಂತ ಹೆಸರು ಕೊಡುವುದು ಹಳೆಯ ಚಾಳಿ. ಬಿಡಿ ಬಿಡಿಯಾಗಿ ತೋರಿಸಿ ಅಂತ ಕೇಳಿದ ಕೂಡಲೇ ಬಯಲಾಗುತ್ತದೆ.

ಸೂಪರ್‌ವೈಸರ್ ವಿಷಯ. ಇದರ ಮೇಲೆಯೇ ಅವರು ನಿಲ್ಲುತ್ತಾರೆ, ಯಾಕೆಂದರೆ ವೇತನ 18,000 ದಾಟಿದೆ. ಆದರೆ ಪತ್ರದಲ್ಲಿ ಹೆಸರು ಬದಲಾದರೆ ಕೆಲಸ ಬದಲಾಗುವುದಿಲ್ಲ, ಅಲ್ವಾ? ಆ ಎರಡು ವರ್ಷ ಅವರು ಶಿಫ್ಟಿನಲ್ಲಿ ಏನು ಮಾಡಿದರು? ಕಿಲ್ನ್ ಟೆಂಪರೇಚರ್ ತಾವೇ ನೋಡಿ ಲಾಗ್ ಶೀಟ್ ಬರೆದರಾ? ಫೀಡ್ ತಾವೇ ಹೊಂದಿಸಿದರಾ? ಯಾರಿಗಾದರೂ ರಜೆ ಕೊಡುವ, ಮೆಮೋ ಕೊಡುವ ಅಧಿಕಾರ ಇತ್ತಾ? ಇರಲಿಲ್ಲ ಅಂದರೆ ಅವರು ಆಪರೇಟರೇ. ಜೊತೆಗೆ ದುಡಿದ ಇಬ್ಬರು ಹಾಗೆ ಹೇಳಲು ತಯಾರಿದ್ದರೆ, ಲಾಗ್ ಶೀಟಿನಲ್ಲಿ ಅವರದೇ ಅಕ್ಷರ ಇದ್ದರೆ, ಅದು ಆ ಪತ್ರಕ್ಕಿಂತ ಗಟ್ಟಿ.

ಕಾರ್ಖಾನೆಯಲ್ಲಿ ಎಷ್ಟು ಜನ ಇದ್ದಾರೆ ಅಂತಲೂ ತಿಳಿದುಕೊಳ್ಳಿ. ಕಾರ್ಖಾನೆ, ಗಣಿ, ಪ್ಲಾಂಟೇಷನ್‌ಗಳಲ್ಲಿ 300 ಮತ್ತು ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಸರ್ಕಾರದ ಅನುಮತಿ ಇಲ್ಲದೆ ತೆಗೆಯುವ ಹಾಗೇ ಇಲ್ಲ, ನೋಟಿಸೂ ಮೂರು ತಿಂಗಳದು. ಹಳೆಯ ಕಾಯ್ದೆಯಲ್ಲಿ ಈ ಮಿತಿ 100 ಇತ್ತು. ಅದನ್ನು 300ಕ್ಕೆ ಏರಿಸಿದ್ದರಿಂದ ನಮ್ಮ ಭಾಗದ ಎಷ್ಟೋ ಮಧ್ಯಮ ಕಾರ್ಖಾನೆಗಳ ಕೆಲಸಗಾರರಿಗೆ ಆ ರಕ್ಷಣೆ ತಪ್ಪಿತು. ನನಗೆ ಇದು ಸರಿ ಕಾಣುವುದಿಲ್ಲ. ಇನ್ನು ಯಾರನ್ನು ತೆಗೆಯುವುದು ಅನ್ನುವುದಕ್ಕೂ ನಿಯಮ ಇದೆ. ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು. ಹಾಗೆ ಮಾಡದಿದ್ದರೆ ಕಾರಣ ಬರೆದಿಡಬೇಕು. ಒಂದು ವರ್ಷದೊಳಗೆ ಮತ್ತೆ ಜನ ತಗೊಂಡರೆ ತೆಗೆದವರನ್ನೇ ಮೊದಲು ಕರೆಯಬೇಕು. ನಿಮ್ಮ ಯಜಮಾನರಿಗಿಂತ ಆಮೇಲೆ ಸೇರಿದ ಆಪರೇಟರುಗಳು ಒಳಗೇ ಇದ್ದಾರಾ?

ಒಂದು ಸಂಗತಿ ಹೇಳುತ್ತೇನೆ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ಅದಿರನ್ನೇ ನಂಬಿದ್ದ ಕಾರ್ಖಾನೆಗಳಿಗೂ ಬಿಸಿ ತಟ್ಟಿತು. ನಾನಿದ್ದ ಕಡೆ ಜನ ಕಡಿಮೆ ಮಾಡುವ ಪಟ್ಟಿ ಬಂತು. ಸೇವೆಯನ್ನು ಖಾಯಂ ಆದ ದಿನದಿಂದ ಹಿಡಿಯಿರಿ ಅಂತ ಮೇಲಿನವರ ಮಾತು. ಹಾಗೇ ಟೈಪ್ ಮಾಡಿದೆ. ಒಬ್ಬ ಫಿಟ್ಟರ್ ಬಂದ. ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಬೆರಳಿನಲ್ಲಿ ವರ್ಷ ಎಣಿಸಿದ. ಎರಡು ಸಲ ಎಣಿಸಿದ. ‘ಸಾಹೇಬ್ರ, ಎರಡು ವರ್ಷ ಕಮ್ಮಿ ಐತಿ’ ಅಂದ. ಟಿಫಿನ್ ಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ಟೆಂಪರರಿ ಇದ್ದಾಗಿನ ಗೇಟ್ ಪಾಸುಗಳು, ತಿಂಗಳು ತಿಂಗಳಿನವು, ದಾರ ಕಟ್ಟಿ ಇಟ್ಟಿದ್ದ. ಬೆವರಿಗೆ ಬಣ್ಣ ಹೋಗಿತ್ತು, ದಿನಾಂಕ ಮಾತ್ರ ಕಾಣುತ್ತಿತ್ತು. ನಾನು ಹಳೆಯ ಹಾಜರಿ ಪುಸ್ತಕ ತೆಗೆಸಿ ನೋಡಿದೆ, ಅವನು ಹೇಳಿದ್ದೇ ನಿಜ. ವರ್ಷಕ್ಕೆ 240 ದಿನಕ್ಕಿಂತ ಜಾಸ್ತಿ ದುಡಿದಿದ್ದ, ಅಷ್ಟಿದ್ದರೆ ಅದು ಒಂದು ವರ್ಷದ ಸತತ ಸೇವೆ. ಸೇವೆ ಲೆಕ್ಕಕ್ಕೆ ಬರುವುದು ಸೇರಿದ ದಿನದಿಂದ, ಖಾಯಂ ಆದ ದಿನದಿಂದ ಅಲ್ಲ. ಅವನ ಹಾಳೆ ತಿದ್ದಿದ ಮೇಲೆ ಉಳಿದ ಮೂವತ್ತೊಂದು ಜನರದ್ದೂ ತಿದ್ದಬೇಕಾಯಿತು. ಅವನು ಎಣಿಸದೇ ಹೋಗಿದ್ದರೆ ಅಷ್ಟೂ ಜನ ಎರಡೆರಡು ವರ್ಷ ಕಳೆದುಕೊಳ್ಳುತ್ತಿದ್ದರು, ಅದರಲ್ಲಿ ನನ್ನ ಕೈಯೂ ಇರುತ್ತಿತ್ತು. ಆ ಗೇಟ್ ಪಾಸಿನ ಕಟ್ಟು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಿಮ್ಮ ಯಜಮಾನರಿಗೂ ಹೇಳಿ, ಮನೆಯಲ್ಲಿ ಏನೇನು ಕಾಗದ ಇದೆ ಎಲ್ಲ ತೆಗೆದಿಡಲಿ. ಆಮೇಲೆ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಬರವಣಿಗೆಯ ದೂರು ಕೊಡಿ. ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ. 45 ದಿನದಲ್ಲಿ ಬಗೆಹರಿಯದಿದ್ದರೆ, ಕೆಲಸದಿಂದ ತೆಗೆದ ವಿಷಯಕ್ಕೆ ನೀವೇ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಕೀಲರ ಖರ್ಚಿಗೆ ಹೆದರಬೇಡಿ. ಕಾರ್ಖಾನೆ ಕೆಲಸಗಾರರಿಗೂ, ಹೆಣ್ಣುಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಪ್ರಶ್ನೆ: ಮಗಳು ಹೈದರಾಬಾದಿನಲ್ಲಿ ಅಮೆರಿಕದ ಕಂಪನಿಯೊಂದರಲ್ಲಿ ಇದ್ದಾಳೆ. ಜನ ತೆಗೆಯುತ್ತಾರೆ ಅಂತ ಸುದ್ದಿ. ಗೂಗಲ್‌ನವರು ನಾಲ್ಕು ತಿಂಗಳ ಸಂಬಳ ಕೊಟ್ಟರಂತೆ, ಇಲ್ಲಿಯವರು ಯಾಕೆ ಅಷ್ಟು ಕೊಡಲ್ಲ? (ಗಾಂಧಿನಗರ, ಬಳ್ಳಾರಿ)

ಉತ್ತರ: ನೀವು ಕೇಳಿದ್ದು 2023ರ ಜನವರಿಯ ಸುದ್ದಿ. ಗೂಗಲ್ 12,000 ಜನರನ್ನು ತೆಗೆದಾಗ ಅಮೆರಿಕದಲ್ಲಿದ್ದವರಿಗೆ 16 ವಾರದ ಸಂಬಳ, ಮೇಲೆ ಪ್ರತಿ ವರ್ಷಕ್ಕೆ ಎರಡು ವಾರ ಅಂತ ಘೋಷಿಸಿತು. ಅದಕ್ಕೂ ಮುಂಚೆ 2022ರ ನವೆಂಬರಿನಲ್ಲಿ ಮೆಟಾ 11,000ಕ್ಕೂ ಜಾಸ್ತಿ ಜನರನ್ನು ತೆಗೆದಾಗಲೂ ಸುಮಾರು ಅದೇ ಲೆಕ್ಕ. ಆದರೆ ಅಮೆರಿಕದಲ್ಲಿ ಖಾಸಗಿ ಕಂಪನಿ ಪರಿಹಾರ ಕೊಡಲೇಬೇಕು ಅನ್ನುವ ಕೇಂದ್ರದ ಕಾನೂನೇ ಇಲ್ಲ. 100 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಒಟ್ಟಿಗೆ ತುಂಬಾ ಜನರನ್ನು ತೆಗೆಯುವಾಗ 60 ದಿನ ಮುಂಚೆ ತಿಳಿಸಬೇಕು ಅಂತ ಇದೆ, ಅಷ್ಟೇ. ಉಳಿದದ್ದು ಕಂಪನಿಯ ಹೆಸರು, ಕೋರ್ಟಿನ ಭಯ ಮತ್ತು ‘ಇನ್ನು ಕೇಸು ಹಾಕುವುದಿಲ್ಲ’ ಅಂತ ಬರೆಸಿಕೊಳ್ಳುವುದಕ್ಕೆ ಕೊಡುವ ಬೆಲೆ. ಅಲ್ಲಿ ಕೊಟ್ಟದ್ದನ್ನೇ ಇಲ್ಲೂ ಕೊಡಬೇಕು ಅಂತ ನಿಯಮ ಇಲ್ಲ, ಪ್ರತಿ ದೇಶಕ್ಕೂ ಬೇರೆ ಹಾಳೆ ಇರುತ್ತದೆ.

ಆದರೆ ಅಲ್ಲಿಯ ಒಂದು ಪದ್ಧತಿಯನ್ನು ನಿಮ್ಮ ಮಗಳು ಮಾತಿನಲ್ಲಿ ಬಳಸಬಹುದು. ಅಲ್ಲಿ 40 ದಾಟಿದವರನ್ನು ಗುಂಪಾಗಿ ತೆಗೆಯುವಾಗ, ಕೇಸು ಹಾಕುವ ಹಕ್ಕು ಬಿಡುವ ಕಾಗದವನ್ನು ಓದಿ ಯೋಚಿಸಲು 45 ದಿನ ಕೊಡಬೇಕು, ಸಹಿ ಮಾಡಿದ ಮೇಲೂ ಏಳು ದಿನದಲ್ಲಿ ವಾಪಸ್ ಪಡೆಯಬಹುದು. ಅದೇ ಕಂಪನಿಯನ್ನು ಇಲ್ಲಿ ಹತ್ತು ದಿನ ಕೇಳುವುದರಲ್ಲಿ ತಪ್ಪೇನಿದೆ? ಮಗಳು ಹೆರಿಗೆ ರಜೆಯಲ್ಲಿದ್ದರೆ ಅದನ್ನೂ ತಿಳಿಸಿ, ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ಪ್ರಶ್ನೆ: ನಾನು ಗುತ್ತಿಗೆ ಕಾರ್ಮಿಕ. ಒಂದೇ ಪ್ಲಾಂಟ್‌ನಲ್ಲಿ 9 ವರ್ಷ, ಗುತ್ತಿಗೆದಾರರು ಮಾತ್ರ ನಾಲ್ಕು ಸಲ ಬದಲಾದರು. ಈಗಿನವರು ‘ನೀನು ನಮ್ಮಲ್ಲಿ ಒಂದೂವರೆ ವರ್ಷ, ಅಷ್ಟಕ್ಕೇ ಲೆಕ್ಕ’ ಅನ್ನುತ್ತಾರೆ. (ರಾಯಚೂರು ತಾಲೂಕು)

ಉತ್ತರ: ತಮ್ಮಾ, ನಮ್ಮ ಭಾಗದಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಕಾಗದದ ಮೇಲೆ ನಿನ್ನ ಮಾಲೀಕ ಗುತ್ತಿಗೆದಾರ, ಅವನು ಬದಲಾದ ಕೂಡಲೇ ಸೇವೆ ಸೊನ್ನೆಯಿಂದ ಶುರು ಅಂತ ಅವರ ವಾದ. ಸುಲಭದ ಜಗಳ ಅಲ್ಲ ಇದು. ಆದರೆ ಒಬ್ಬ ಗುತ್ತಿಗೆದಾರ ಹೋಗಿ ಇನ್ನೊಬ್ಬ ಬಂದಾಗ ನಿನ್ನ ಕೆಲಸ ಒಂದು ದಿನವೂ ನಿಲ್ಲಲಿಲ್ಲ, ಅದೇ ಗೇಟು, ಅದೇ ಎಂಜಿನಿಯರ್ ಕೆಲಸ ಹೇಳುತ್ತಿದ್ದದ್ದು, ಅದೇ ಯಂತ್ರ ಅಂತ ತೋರಿಸಿದರೆ ಮಾತು ಬೇರೆಯಾಗುತ್ತದೆ. ಯುಎಎನ್ (ಪಿಎಫ್‌ನವರು ಪ್ರತಿ ಕೆಲಸಗಾರನಿಗೆ ಕೊಡುವ ಒಂದೇ ಖಾಯಂ ನಂಬರು) ಹಾಕಿ ಪಿಎಫ್ ಪಾಸ್‌ಬುಕ್ ಇಳಿಸಿಕೋ. ಪ್ರತಿ ಗುತ್ತಿಗೆದಾರ ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ಕಟ್ಟಿದ ಅಂತ ಅದರಲ್ಲಿ ಸಾಲಾಗಿ ಇರುತ್ತದೆ, ನಡುವೆ ಖಾಲಿ ತಿಂಗಳು ಇಲ್ಲ ಅಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಗುತ್ತಿಗೆದಾರ ಬಾಕಿ ವೇತನ ಕೊಡದಿದ್ದರೆ ಮೂಲ ಕಂಪನಿಯೇ ಕೊಡಬೇಕು, ಇದು ಹಳೆಯ ಗುತ್ತಿಗೆ ಕಾಯ್ದೆಯಿಂದಲೂ ಇದೆ. ಒಬ್ಬನೇ ಹೋಗಬೇಡ. ನಿನ್ನ ಹಾಗೆ ಒಂಬತ್ತು, ಹತ್ತು ವರ್ಷ ಆದವರು ಎಷ್ಟು ಜನ ಇದ್ದೀರಿ ಎಲ್ಲರೂ ಸೇರಿ ಒಂದೇ ಅರ್ಜಿ ಕೊಡಿ.

ಪ್ರಶ್ನೆ: ಪರಿಹಾರದ ದುಡ್ಡಿಗೆ ಟ್ಯಾಕ್ಸ್ ಇದೆಯಾ? (ಗಂಗಾವತಿ)

ಉತ್ತರ: ಕೆಲಸಗಾರನಿಗೆ ಕಾನೂನಿನ ಲೆಕ್ಕದಲ್ಲಿ ಬಂದ ಪರಿಹಾರಕ್ಕೆ 5 ಲಕ್ಷದವರೆಗೆ ಇಲ್ಲ. ಗ್ರಾಚ್ಯುಟಿಗೆ 20 ಲಕ್ಷದವರೆಗೆ, ಕೆಲಸ ಬಿಟ್ಟಾಗ ಬರುವ ರಜೆ ಹಣಕ್ಕೆ 25 ಲಕ್ಷದವರೆಗೆ ವಿನಾಯಿತಿ ಇದೆ, ಎರಡಕ್ಕೂ ಅವುಗಳದೇ ಸೂತ್ರದ ಮಿತಿಯೊಳಗೆ. ನೋಟಿಸ್ ದುಡ್ಡು, ಕಂಪನಿ ತಾನಾಗಿ ಕೊಟ್ಟ ಹೆಚ್ಚುವರಿ ಹಣ ಸಂಬಳದ ಹಾಗೆಯೇ, ತೆರಿಗೆ ಬೀಳುತ್ತದೆ. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಹಾಕಿದರೆ ವಿನಾಯಿತಿ ಕೇಳುವುದು ಕಷ್ಟ, ಅದಕ್ಕೂ ಬಿಡಿ ಬಿಡಿ ಲೆಕ್ಕದ ಹಾಳೆ ಬೇಕು.

ಪ್ರಶ್ನೆ: ಅಣ್ಣಾವ್ರೇ, ನಾನು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ 8 ವರ್ಷ ಹೊಲಿದೆ. ಪೀಸ್ ಲೆಕ್ಕ, ತಿಂಗಳಿಗೆ 12,000 ಹತ್ತಿರ ಆಗುತ್ತಿತ್ತು. ಹದಿನಾಲ್ಕು ಜನ ಇದ್ದೆವು. ಮಾಲೀಕರು ನಷ್ಟ ಅಂತ ಬಾಗಿಲು ಹಾಕಿ ತಲೆಗೆ ಐದು ಸಾವಿರ ಕೊಟ್ಟರು. ನಮ್ಮ ಹತ್ತಿರ ಸಂಬಳದ ಚೀಟಿ ಇಲ್ಲ, ಏನೂ ಇಲ್ಲ. ನಾವು ಕೇಳಬಹುದಾ? (ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಕೇಳಬಹುದು ತಾಯಿ, ಕೇಳಲೇಬೇಕು. ಬಾಗಿಲು ಹಾಕಿದರೂ ಕೆಲಸದಿಂದ ತೆಗೆದಾಗಿನ ಲೆಕ್ಕವೇ ಸಿಗಬೇಕು ಅಂತ ಕಾನೂನು ಹೇಳುತ್ತದೆ. ಮಾಲೀಕನ ಕೈ ಮೀರಿದ ಕಾರಣಕ್ಕೆ ಮುಚ್ಚಿದರೆ ಮಾತ್ರ ಪರಿಹಾರ ಮೂರು ತಿಂಗಳ ವೇತನಕ್ಕೆ ನಿಲ್ಲುತ್ತದೆ. ಬರೀ ನಷ್ಟ ಆಯಿತು, ಮಾಲು ಮಾರಾಟವಾಗದೆ ಉಳಿಯಿತು ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ ಅಂತ ಸ್ಪಷ್ಟವಾಗಿಯೇ ಇದೆ. ಪೀಸ್ ಲೆಕ್ಕದಲ್ಲಿ ಹೊಲಿಯುವವರೂ ಕೆಲಸಗಾರರೇ. ತಿಂಗಳಿಗೆ 12,000 ಹಿಡಿದರೆ ವರ್ಷಕ್ಕೆ 6,000, ಎಂಟು ವರ್ಷಕ್ಕೆ 48,000, ನೋಟಿಸಿನ ಬದಲು 12,000. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿಯೂ ಬರಬೇಕು, ನೀವು ಹದಿನಾಲ್ಕು ಜನ ಇದ್ದಿರಿ.

ಏನೂ ಇಲ್ಲ ಅಂದಿರಿ. ಆದರೆ ಪತ್ರದ ಹಿಂದೆ ನೀವು ಲೆಕ್ಕ ಬರೆದ ಹಾಳೆ ಹರಿದು ಕಳಿಸಿದ್ದೀರಲ್ಲ, ದಿನಾ ಎಷ್ಟು ಪೀಸು ಅಂತ ಬರೆದು ಪಕ್ಕದಲ್ಲಿ ಮೇಸ್ತ್ರಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದ್ದು, ಅದು ಯಾವ ಪುಸ್ತಕದ ಹಾಳೆ? ಆ ಪುಸ್ತಕ ಪೂರ್ತಿ ಇದೆಯಾ? ಇದ್ದರೆ ಇನ್ನೊಂದು ಹಾಳೆಯನ್ನೂ ಹರಿಯಬೇಡಿ. ಶನಿವಾರದ ದುಡ್ಡು ಫೋನ್‌ಪೇಗೆ ಬರುತ್ತಿದ್ದರೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಹದಿನಾಲ್ಕು ಜನರಲ್ಲಿ ಇನ್ನೂ ಯಾರ ಹತ್ತಿರ ಇಂಥ ಪುಸ್ತಕ ಇದೆ ಕೇಳಿ, ಎಲ್ಲರೂ ಒಟ್ಟಿಗೆ ಕಾರ್ಮಿಕ ಇಲಾಖೆಗೆ ಹೋಗಿ. ಅಲ್ಲಿ ಕೊಡುವುದು ಜೆರಾಕ್ಸ್ ಮಾತ್ರ, ಪುಸ್ತಕ ನಿಮ್ಮ ಕೈಯಲ್ಲೇ ಇರಲಿ. ನೀವು ಕಳಿಸಿದ ಹಾಳೆಯನ್ನು ಈ ವಾರವೇ ರಿಜಿಸ್ಟರ್ ಪೋಸ್ಟಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ.